ಟೇಪಣ್ಣನ ನಾಯಿ ಬಿಸ್ಕತ್ತು

ನಗರಸಭೆಯ ಅಳತೆ ವಿಭಾಗದಲ್ಲಿ ಒಂದು ಕುರ್ಚಿ ಖಾಲಿಯಾಯಿತು. ಅದು ಅಂತಿಂಥ ಕುರ್ಚಿಯಲ್ಲ. ದಾಖಲೆ ಕೋಣೆಯ ಕಿಟಕಿಯ ಪಕ್ಕದ್ದು. ಎರಡೂ ಕಡೆ ಕೈಯಿತ್ತು, ಬೆನ್ನಿಗೆ ಬೆತ್ತದ ಹೆಣಿಗೆಯಿತ್ತು, ಕೂರುವಲ್ಲಿ ಹತ್ತಿಯ ದಿಂಬಿತ್ತು. ಅದರಲ್ಲಿ ಕೂತು ಕೂತು ಹಣ್ಣಾದ ಗುಮಾಸ್ತರು ನಿವೃತ್ತರಾದ ದಿನ ಇಡೀ ಕಚೇರಿ ಅವರ ಕೈ ಕುಲುಕಿತು. ಕಣ್ಣನ್ನು ಮಾತ್ರ ಕುರ್ಚಿಯ ಮೇಲೆಯೇ ಇಟ್ಟಿತ್ತು.

ಆ ಕಣ್ಣುಗಳಲ್ಲಿ ಹೆಚ್ಚು ಹಸಿದ ಜೋಡಿ ಟೇಪಣ್ಣನದು. ಅವನ ಕೆಲಸ ಅಳತೆಯ ಟೇಪಿನ ತುದಿ ಹಿಡಿದು ನಡೆಯುವುದು. ಊರಿನ ಬೀದಿಗಳನ್ನೆಲ್ಲ ಅಡಿ ಅಡಿಯಾಗಿ ಅಳೆದ ಮೇಲೆ ಅವನ ಮೊಣಕಾಲುಗಳು ಮೆಟ್ಟಿಲು ಕಂಡರೆ ತಾವಾಗಿ ಮಾತಾಡುತ್ತಿದ್ದವು. ದಿನವೂ ಬೆಳಿಗ್ಗೆ ದೇವರ ಮುಂದೆ ನಿಂತು ಆತ ಬೇಡುತ್ತಿದ್ದದ್ದು ಇಷ್ಟೇ: ಉಳಿದ ಸರ್ವಿಸನ್ನು ಕೂತು ಮುಗಿಸುವ ಹಾಗೆ ಮಾಡಪ್ಪ. ಇಷ್ಟು ಸಣ್ಣ ಬೇಡಿಕೆ ದೇವರ ಕಿವಿಗೆ ಬೇಗ ಮುಟ್ಟುವುದಿಲ್ಲ. ಮುಟ್ಟಿದರೂ ಅದು ಮೇಲಧಿಕಾರಿಯ ಮೇಜಿನ ಮೂಲಕವೇ ಹೋಗಬೇಕು.

ಮೇಲಧಿಕಾರಿ ಬಹಳ ನ್ಯಾಯವಂತರು. ಆ ಕುರ್ಚಿಯನ್ನು ತಮ್ಮ ಹೆಂಡತಿಯ ತಮ್ಮನಿಗೆ ಕೊಡಬೇಕೆಂದು ಅವರು ಆಗಲೇ ನಿಶ್ಚಯಿಸಿದ್ದರು. ಆದರೆ ಅನ್ಯಾಯವನ್ನು ಬಾಯಿಬಿಟ್ಟು ಮಾಡುವುದು ಅವರ ಸ್ವಭಾವದಲ್ಲಿರಲಿಲ್ಲ. ಟೇಪಣ್ಣನನ್ನು ಕರೆದು ಹೇಳಿದರು:

"ನೋಡಪ್ಪ, ಆ ಏಳು ಮನೆ ಸಾಲು ಗೊತ್ತಲ್ಲ. ಅದರ ಹಿತ್ತಿಲನ್ನ ಅಳೆದು ಮುಗಿಸು. ಕೊನೆ ಕಲ್ಲಿನವರೆಗೂ ಅಳೆದ ದಿನ ಕುರ್ಚಿ ನಿನ್ನದು."

"ಅಷ್ಟೇನಾ ಸಾರ್?"

"ಅಷ್ಟೇ."

ಅಷ್ಟೇ ಎಂಬ ಮಾತಿನಲ್ಲಿ ಎಷ್ಟಿದೆ ಎಂದು ತಿಳಿಯುವ ಬುದ್ಧಿ ಟೇಪಣ್ಣನಿಗೆ ದೇವರು ಕೊಟ್ಟಿರಲಿಲ್ಲ.

ಆ ಏಳು ಮನೆಗಳ ಹಿಂದೆ ಒಂದು ಓಣಿ. ಹಿಂದೊಮ್ಮೆ ಅದರಲ್ಲಿ ಎರಡು ಗಾಡಿಗಳು ಎದುರುಬದುರಾಗಿ ಹೋಗುತ್ತಿದ್ದವು. ಈಚೆಗೆ ಮನುಷ್ಯರು ಅಡ್ಡಡ್ಡವಾಗಿ ನಡೆಯಬೇಕಿತ್ತು, ಊಟವಾದ ಮೇಲೆ ಅದೂ ಆಗುತ್ತಿರಲಿಲ್ಲ. ಓಣಿ ಬಡವಾದಷ್ಟೂ ಹಿತ್ತಿಲುಗಳು ಮೈತುಂಬಿಕೊಂಡಿದ್ದವು. ಈಗ ನಗರಸಭೆ ಅಲ್ಲಿ ಚರಂಡಿಯ ಕೊಳವೆ ಹೂಳಬೇಕಾಗಿತ್ತು. ಅಡ್ಡಡ್ಡವಾಗಿ ನುಸುಳಿ ಹೋಗುವ ವಿನಯ ಕೊಳವೆಗೆ ಇರುವುದಿಲ್ಲ.

ಪ್ರತಿ ಹಿತ್ತಿಲಿನ ಕೊನೆಗೂ ಹಿಂದಿನವರು ಮೊಣಕಾಲೆತ್ತರದ ಒಂದೊಂದು ಗಡಿಕಲ್ಲು ನೆಟ್ಟು, ನಂಬರು ಕೆತ್ತಿಸಿದ್ದರು. ಕೆಲವು ವರ್ಷಗಳ ಹಿಂದೆ ಒಂದು ರಜಾದಿನ ಸಾಲಿನ ನಿವಾಸಿಗಳ ಸಂಘದ ಸದಸ್ಯರೆಲ್ಲ ಒಗ್ಗಟ್ಟಾಗಿ, ಕಲ್ಲುಗಳ ಪಕ್ಕದಲ್ಲೇ ಗುಂಡಿ ತೋಡಿ, ಅವುಗಳನ್ನು ಮೆಲ್ಲಗೆ ಮಲಗಿಸಿ, ಮಣ್ಣೆಳೆದು, ಮೇಲೆ ಗುಲಾಬಿ ನೆಟ್ಟರು. ನಡುವಯಸ್ಸು ದಾಟಿದವರು, ಸೊಂಟ ಹಿಡಿದದ್ದರಿಂದ ಗುಂಡಿ ಆಳವಾಗಲಿಲ್ಲ. ಆ ಮೇಲೆ ಗೋಡೆಗಳು ಒಂದು ಹೆಜ್ಜೆ ಮುಂದೆ ಹೋದವು. ಗೋಡೆ ಒಮ್ಮೆ ನಡೆಯಲು ಕಲಿತರೆ ನಿಲ್ಲಿಸುವುದು ಕಷ್ಟ.

ಇದೊಂದೂ ಟೇಪಣ್ಣನಿಗೆ ತಿಳಿಯದು. ಅವನಿಗೆ ತಿಳಿದದ್ದು ಇಲಾಖೆಯ ಕ್ರಮ: ಅಳತೆಯನ್ನು ಒಂದನೇ ಕಲ್ಲಿನಿಂದ ಶುರು ಮಾಡತಕ್ಕದ್ದು, ಕೊನೆಯ ಕಲ್ಲಿನಲ್ಲಿ ಮುಗಿಸತಕ್ಕದ್ದು. ಕ್ರಮ ತಪ್ಪಿದರೆ ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆಂದು ನಂಬಿದ್ದ ಟೇಪಣ್ಣ ಒಂದನೇ ನಂಬರಿನ ಮನೆಯ ಗೇಟು ತಟ್ಟಿದ.

ಅದು ಸಂಘದ ಅಧ್ಯಕ್ಷರ ಮನೆ. ಅಧ್ಯಕ್ಷರು ಹಿಂದೆ ಕಾಲೇಜಿನಲ್ಲಿ ನೀತಿಶಾಸ್ತ್ರ ಕಲಿಸುತ್ತಿದ್ದರು. ಮೇಲಧಿಕಾರಿಗೆ ಹೆಣ್ಣು ಕೊಟ್ಟ ಮಾವನೂ ಅವರೇ. ಕುರ್ಚಿಗೆ ಕಾದಿದ್ದ ಬಾವಮೈದ ಅವರ ಮಗ. ಟೇಪಿನ ಇನ್ನೊಂದು ತುದಿ ಹಿಡಿಯಲು ಅಂದು ಅವನನ್ನೇ ಕಳಿಸಿದ್ದರು. ಅವನು ತನ್ನ ಮನೆ ಬಂದ ಕೂಡಲೇ ತಿಂಡಿಗೆ ಒಳಗೆ ಹೋದ.

"ಬನ್ನಿ, ಬನ್ನಿ," ಎಂದರು ಅಧ್ಯಕ್ಷರು. "ಧಾರಾಳವಾಗಿ ಅಳೀರಿ. ಕಾನೂನು ಅಂದ್ರೆ ನಮಗೆ ದೇವರ ಸಮಾನ. ಹಿತ್ತಿಲಲ್ಲಿ ಒಂದು ನಾಯಿ ಇದೆ, ಅಷ್ಟೇ."

"ಸ್ವಲ್ಪ ಕಟ್ಟಿಹಾಕ್ತೀರಾ ಸಾರ್?"

"ಕಟ್ಟೋದಾ? ಅವನ ಮನಸ್ಸಿಗೆ ಎಷ್ಟು ನೋವಾಗುತ್ತೆ ಗೊತ್ತಾ? ನಿಮ್ಮನ್ನ ಯಾರಾದ್ರೂ ಕಟ್ಟಿಹಾಕಿದ್ರೆ ಹೇಗಿರುತ್ತೆ ಹೇಳಿ."

ಟೇಪಣ್ಣ ತನ್ನ ಮದುವೆಯಾಗಿ ಎಷ್ಟು ವರ್ಷವಾಯಿತೆಂದು ನೆನೆದು ಸುಮ್ಮನಾದ.

ನಾಯಿಯ ಹೆಸರು ಜನರಲ್. ಅದು ಮನೆಯ ಮೂಲೆಯಿಂದ ಬಂದ ರೀತಿಯಲ್ಲಿ ಮಾತುಕತೆಗೆ ಅವಕಾಶವಿರಲಿಲ್ಲ. ಟೇಪಣ್ಣ ಓಡಿದ. ಬೇಲಿಯ ಸಂದಿನಿಂದ ವಕೀಲರ ನಾಯಿ ಜಡ್ಜಿ ಸೇರಿಕೊಂಡಿತು. ಅದರ ಹಿಂದೆ ಹಲ್ಲಿನ ಡಾಕ್ಟರ ನಾಯಿ ಮುತ್ತು, ಯಜಮಾನರ ವೃತ್ತಿಗೆ ಜಾಹೀರಾತಿನ ಹಾಗೆ ಎಲ್ಲ ಹಲ್ಲನ್ನೂ ತೋರಿಸುತ್ತ ಬಂತು. ಹತ್ತು ವರ್ಷಗಳಿಂದ ಬಾಗದ ಮೊಣಕಾಲುಗಳು ಆ ಹೊತ್ತು ಒಂದು ಮಾತೂ ಆಡಲಿಲ್ಲ. ಸಾಲಿನ ಕೊನೆಯ ಮನೆಯ ಗೇಟು ತೆರೆದಿತ್ತು. ಒಳಗೆ ನುಗ್ಗಿ, ಗೇಟು ಹಾಕಿ, ಹಿತ್ತಿಲಿಗೆ ಹೋಗಿ ಕಂಡ ಕಲ್ಲಿನ ಮೇಲೆ ಕುಸಿದು ಕೂತ. ಅವನ ಪ್ಯಾಂಟಿನ ಒಂದು ತುಂಡು ಜನರಲ್‌ನ ಬಾಯಲ್ಲಿ ಉಳಿದಿತ್ತು.

"ಏನಪ್ಪ, ಅಳತೆಯವನಾ?" ಅಡುಗೆಮನೆಯ ಬಾಗಿಲಲ್ಲಿ ಒಬ್ಬ ಅಜ್ಜಿ ನಿಂತಿದ್ದಳು. "ನಿನಗಿಂತ ಮುಂಚೆ ಬಂದವನು ಬೇಲಿ ಹಾರಿದ್ದ. ನೀನು ಪರವಾಗಿಲ್ಲ, ಗೇಟಿನಲ್ಲೇ ಬಂದೆ."

ಅವಳ ಹಿಂದಿನಿಂದ ಒಂದು ಮುದಿ ನಾಯಿ ನಿಧಾನವಾಗಿ ಬಂತು. ಟೇಪಣ್ಣ ಕಾಲು ಮೇಲೆತ್ತಿಕೊಂಡ. ನಾಯಿ ಅವನ ಬೂಟಿನ ಪಕ್ಕಕ್ಕೆ ಬಂದು, ಉಸ್ಸೆಂದು ಮಲಗಿ, ಗದ್ದವನ್ನು ಬೂಟಿನ ಮೇಲಿಟ್ಟಿತು.

"ಹೆದರಬೇಡ. ಅವನು ಮರಿ."

"ಮರಿನಾ ಅಮ್ಮ? ಮೂತಿಯೆಲ್ಲ ಬೆಳ್ಳಗಾಗಿದೆ."

"ನಮ್ಮ ಮನೆಯವರು ಕರೆದದ್ದು ಹಾಗೆ. ಕರೆದವರು ಹೋದರು ಅಂತ ಹೆಸರು ಬದಲಾಯಿಸೋಕಾಗುತ್ತಾ? ಅವರು ಸಂಜೆ ಅಲ್ಲೇ ಕೂರ್ತಿದ್ದರು, ನೀನು ಕೂತಿರೋ ಕಡೆ. ಅಲ್ಲಿ ಯಾರಾದ್ರೂ ಕೂತರೆ ಇವನಿಗೆ ಸಮಾಧಾನ." ಅಜ್ಜಿ ಡಬ್ಬಿಯಿಂದ ಹೆಬ್ಬೆರಳ ಉಗುರಿನಷ್ಟು ಏನನ್ನೋ ತೆಗೆದು ಮರಿಯ ಬಾಯಿಗಿಟ್ಟಳು. ನಾಯಿ ಕಣ್ಣುಮುಚ್ಚಿ ತಿಂದಿತು.

ಅದನ್ನು ನೋಡಿ ಟೇಪಣ್ಣನ ತಲೆಯಲ್ಲಿ ಮಿಂಚು ಹೊಳೆಯಿತು. ಅಲ್ಲಿ ಮಿಂಚುವುದು ಅಪರೂಪ. ಮಿಂಚಿದ ಮೇಲೆ ಗುಡುಗು, ಸಿಡಿಲು ಎರಡೂ ತಪ್ಪುತ್ತಿರಲಿಲ್ಲ.

ಮರುದಿನ ಅಂಗಡಿಯಿಂದ ಬಣ್ಣಬಣ್ಣದ ಪೊಟ್ಟಣವೊಂದನ್ನು ತಂದು ಅಜ್ಜಿಗೆ ತೋರಿಸಿದ. ಪೊಟ್ಟಣದ ಮೇಲೆ ನಾಯಿಯೊಂದು ನಗುತ್ತಿತ್ತು. ಅಜ್ಜಿ ಕನ್ನಡಕ ಹಾಕಿ ಹಿಂಭಾಗ ಓದಿದಳು.

"ಸಕ್ಕರೆ. ಉಪ್ಪು. ಕೆಂಪು ಬಣ್ಣ. ಬಣ್ಣ ಯಾರಿಗಪ್ಪ? ನಾಯಿಗೆ ಕೆಂಪು ಕಾಣೋದೇ ಅಷ್ಟಕ್ಕಷ್ಟೆ. ಮುಂದೆ ನಗೋ ನಾಯಿ ಹಿಂದೆ ಬರೆದಿರೋದನ್ನ ಓದಿಲ್ಲ."

"ಮತ್ತೆ ಏನು ಕೊಡಲಿ?"

"ಬೇಯಿಸಿದ ಸಿಹಿಗುಂಬಳ, ಓಟ್ಸ್ ಹಿಟ್ಟು, ಒಂದು ಮೊಟ್ಟೆ, ಎರಡೆಳೆ ಬೇಯಿಸಿದ ಕೋಳಿ. ಉಪ್ಪು ಬೇಡ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ಹತ್ತಿರಕ್ಕೂ ತರಬೇಡ, ಅದು ಅವಕ್ಕೆ ವಿಷ. ಉಗುರಿನಷ್ಟು ಸಾಕು. ನಾಯಿ ತುಂಡಿನ ಗಾತ್ರ ನೋಡೋದಿಲ್ಲ, ಕೊಟ್ಟ ಕೈ ನೋಡುತ್ತೆ. ದೊಡ್ಡದು ಬೇಕು ಅನ್ನೋದು ಮನುಷ್ಯರ ಕಾಯಿಲೆ."

ಆ ಸಂಜೆ ಟೇಪಣ್ಣ ಅಡುಗೆಮನೆಗೆ ಹೋಗಿ ಒಳಗಿಂದ ಬಾಗಿಲು ಹಾಕಿಕೊಂಡ. ಅವನ ಹೆಂಡತಿ ಹೊರಗೆ ನಿಂತು ಮೂಗು ಅರಳಿಸಿದಳು.

"ಏನ್ರೀ ನಡೀತಿದೆ ಒಳಗೆ?"

"ಇಲಾಖೆ ಕೆಲಸ."

"ಕೋಳಿ ಬೇಯಿಸೋದು ಯಾವ ಇಲಾಖೆ?" ಬಾಗಿಲು ತಳ್ಳಿ ಒಳಬಂದು, ಹಿಟ್ಟು ಮೆತ್ತಿದ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ನಾನು ಜ್ವರದಲ್ಲಿ ಮಲಗಿದ್ದಾಗ ಬಿಸಿನೀರು ಕೇಳಿದ್ರೆ, ಒಲೆ ಹಚ್ಚೋದು ಹೇಗೆ ಅಂತ ನನ್ನನ್ನೇ ಎಬ್ಬಿಸಿ ಕೇಳಿದವರು ನೀವು. ಈಗ ಯಾರಿಗೆ ಈ ಸಮಾರಾಧನೆ?"

"ನಾಯಿಗೆ."

"ಸರಿ. ಮುಂದಿನ ಜ್ವರದಲ್ಲಿ ಬೊಗಳ್ತೀನಿ ಬಿಡಿ."

ಆದರೆ ಬಿಸ್ಕತ್ತು ಚೆನ್ನಾಗಿ ಬಂದಿತ್ತು. ಅವಳೂ ಒಂದು ತಿಂದಳು, ತಿಂದದ್ದನ್ನು ಒಪ್ಪಿಕೊಳ್ಳಲಿಲ್ಲ.

ಜನರಲ್ ಮಾತ್ರ ಒಪ್ಪಿಕೊಂಡಿತು. ಗೇಟಿನ ಸಂದಿಯಿಂದ ಮೊದಲ ತುಂಡು ತಿಂದು ಬಾಲ ಆಡಿಸಿತು, ಎರಡನೆಯದಕ್ಕೆ ಕೈ ನೆಕ್ಕಿತು, ಮೂರನೆಯದಕ್ಕೆ ಅಂಗಾತ ಮಲಗಿ ಹೊಟ್ಟೆ ತೋರಿಸಿತು. ಟೇಪಣ್ಣ ಅದನ್ನು ದಾಟಿ, ಟೇಪು ಬಿಚ್ಚುತ್ತ ಅಡುಗೆಮನೆಯ ಕಿಟಕಿಯವರೆಗೆ ಬಂದುಬಿಟ್ಟ. ಮಹಡಿಯಲ್ಲಿ ಹಲ್ಲುಜ್ಜುತ್ತಿದ್ದ ಅಧ್ಯಕ್ಷರು ಇದನ್ನು ಕಂಡು ಬ್ರಷ್ಷಿನ ಸಮೇತ ಇಳಿದು ಬಂದರು.

ಅಳೆಯಬೇಡ ಎನ್ನುವಂತಿಲ್ಲ, ಕಾನೂನು ದೇವರ ಸಮಾನ ಎಂದು ಬಾಯಾರೆ ಹೇಳಿಯಾಗಿದೆ. ನೀತಿಶಾಸ್ತ್ರ ಓದಿದವರು ಇಂಥ ಕಡೆ ಎಡವುವುದಿಲ್ಲ.

"ಅವನಿಗೇನು ತಿನ್ನಿಸಿದಿರಿ?"

ಟೇಪಣ್ಣ ಹೆಮ್ಮೆಯಿಂದ ಹೇಳಿದ.

"ಓಟ್ಸಾ? ಓಟ್ಸ್ ಅಂದ್ರೆ ಧಾನ್ಯ. ಇವನ ತಳಿಗೆ ಧಾನ್ಯ ಆಗೋದೇ ಇಲ್ಲ. ರಾತ್ರಿಯೆಲ್ಲ ಹೊಟ್ಟೆ ಹಿಡ್ಕೊಂಡು ಒದ್ದಾಡ್ತಾನೆ. ಅವನ ಆರೋಗ್ಯ ಮುಖ್ಯವೋ, ನಿಮ್ಮ ಅಳತೆ ಮುಖ್ಯವೋ?"

ಟೇಪಣ್ಣನಿಗೆ ಕಣ್ಣಲ್ಲಿ ನೀರು ಬಂತು. ನಾಯಿಯ ಹೊಟ್ಟೆಯ ಬಗ್ಗೆ ಇಷ್ಟು ಕಾಳಜಿ ಇರುವ ಮನುಷ್ಯರೂ ಲೋಕದಲ್ಲಿದ್ದಾರೆ. ಮನೆಯೊಳಗೆ ಅದೇ ಜನರಲ್‌ಗೆ ಬಾವಮೈದ ಬೆಣ್ಣೆ ಸವರಿದ ಬ್ರೆಡ್ಡು ಎಸೆಯುತ್ತಿದ್ದದ್ದು ಅವನ ಕಣ್ಣಿಗೆ ಬಿತ್ತು, ಬುದ್ಧಿಗೆ ಬೀಳಲಿಲ್ಲ.

ಓಟ್ಸ್ ಹೋಯಿತು.

ಓಟ್ಸ್ ಇಲ್ಲದ ಬಿಸ್ಕತ್ತನ್ನು ನಾಯಿಗಳು ಇನ್ನೂ ಹೆಚ್ಚು ಇಷ್ಟಪಟ್ಟವು. ಅಧ್ಯಕ್ಷರು ಸಂಘದ ತುರ್ತುಸಭೆ ಕರೆದರು. ಟೇಪಣ್ಣನನ್ನು ಹೊಸ್ತಿಲ ಬಳಿ ನಿಲ್ಲಿಸಿ, ಅವನ ಡಬ್ಬಿಯನ್ನು ಕೊಲೆಯ ಸಾಕ್ಷಿಯ ಹಾಗೆ ಮೇಜಿನ ಮೇಲಿಟ್ಟರು. ವಕೀಲರು ಒಂದು ತುಂಡನ್ನು ಚಿಮ್ಮಟದಿಂದ ಎತ್ತಿ ನೋಡಿದರು.

"ಇದರಲ್ಲಿ ಮಾಂಸ ಇದೆಯಾ?"

"ಎರಡೆಳೆ ಕೋಳಿ ಸಾರ್. ಬೇಯಿಸಿದ್ದು."

"ಮಾಂಸ ತಿಂದ್ರೆ ನಮ್ಮ ಜಡ್ಜಿಗೆ ಕೋಪ ಬರುತ್ತೆ. ಸಾಧು ಪ್ರಾಣಿ ಅದು."

ಸಾಧು ಪ್ರಾಣಿ ಮೇಜಿನ ಕೆಳಗೆ ಕೂತು ಟೇಪಣ್ಣನ ಹೊಸ ಪ್ಯಾಂಟನ್ನೇ ನೋಡುತ್ತಿತ್ತು. ವಕೀಲರು ಮುಂದುವರಿದರು: "ಮೊಟ್ಟೆಯೂ ಬೇಡ. ಮೊಟ್ಟೆ ಅಂದ್ರೆ ನಾಳಿನ ಕೋಳಿ. ಇವತ್ತಿನದು ತಪ್ಪಾದರೆ ನಾಳಿನದೂ ತಪ್ಪೇ."

"ಹೌದಲ್ಲ," ಎಂದ ಟೇಪಣ್ಣ. ಅವನಿಗೆ ಇದು ಹೊಳೆದೇ ಇರಲಿಲ್ಲ.

ಹಲ್ಲಿನ ಡಾಕ್ಟರು ಸ್ವಲ್ಪ ಹೊತ್ತು ಯೋಚಿಸಿದರು. ತಿನಿಸಿನಲ್ಲಿ ಅವರಿಗೆ ತೆಗೆಯಲು ಉಳಿದದ್ದು ಕುಂಬಳಕಾಯಿ ಮಾತ್ರ. "ಮೆತ್ತಗಿದೆ," ಎಂದರು ಕೊನೆಗೆ. "ಮೆತ್ತಗಿನದು ತಿಂದ್ರೆ ಹಲ್ಲು ಹಾಳು. ನಮ್ಮ ಮುತ್ತೂಗೆ ಗಟ್ಟಿಯಾದದ್ದು ಬೇಕು. ಎಷ್ಟು ಗಟ್ಟಿಯಾದರೆ ಅಷ್ಟು ಒಳ್ಳೇದು."

ಟೇಪಣ್ಣ ದಾರಿಯಲ್ಲಿ ಪ್ರಾಣಿಗಳ ಡಾಕ್ಟರ ಬಳಿ ಹೋಗಿ ಮೊದಲಿನ ಬಿಸ್ಕತ್ತನ್ನು ತೋರಿಸಿದ. ಅವರು ಮೂಸಿ, ಬಾಯಿಗೆ ಹಾಕಿಕೊಂಡು, ಅಗಿಯುತ್ತ ಹೇಳಿದರು: "ಇದರಲ್ಲೇನು ತಪ್ಪು? ನಮ್ಮ ಆಸ್ಪತ್ರೆ ಕ್ಯಾಂಟೀನಿನವನಿಗೆ ಸ್ವಲ್ಪ ಹೇಳಿಕೊಡ್ತೀಯಾ?"

ಈ ಮಾತನ್ನು ಟೇಪಣ್ಣ ಮೇಲಧಿಕಾರಿಗೆ ಹೇಳಿದ. ಮೇಲಧಿಕಾರಿ ಮಾವನ ಮನೆಯ ಊಟ ಮುಗಿಸಿ ಬಂದು ಕೂತಿದ್ದರು.

"ಡಾಕ್ಟರಿಗೆ ನಾಯಿ ಗೊತ್ತಿರಬಹುದಪ್ಪ. ನಾಗರಿಕರ ಭಾವನೆ ಗೊತ್ತಾ? ಅವರ ಒಪ್ಪಿಗೆ ಇಲ್ಲದ ತಿನಿಸು ಕೊಡೋ ಹಾಗಿಲ್ಲ. ತಿನಿಸು ಕೊಡದೆ ಒಳಗೆ ಹೋಗಿ ಕಚ್ಚಿಸಿಕೊಂಡ್ರೆ ಇಲಾಖೆ ಹೊಣೆ ಅಲ್ಲ. ತಿಂಗಳ ಕೊನೆವರೆಗೂ ನೋಡ್ತೀನಿ. ಆಮೇಲೆ ಕುರ್ಚಿ ಖಾಲಿ ಇರೋದಿಲ್ಲ."

ಹೊರಗೆ ಬರುವಾಗ ದಾಖಲೆ ಕೋಣೆಯಲ್ಲಿ ಇಣುಕಿದ. ಕುರ್ಚಿಯ ಮೇಲೆ ದಿಂಬಿರಲಿಲ್ಲ. ತನ್ನ ಮೈಗೆ ಸರಿಹೊಂದುವಂತೆ ಹತ್ತಿ ತುಂಬಿಸಲು ಬಾವಮೈದ ಮನೆಗೆ ಒಯ್ದಿದ್ದ.

ಅಂದಿನಿಂದ ಟೇಪಣ್ಣನ ಮನೆಯಲ್ಲಿ ತಪಸ್ಸು ನಡೆಯಿತು. ಓಟ್ಸ್ ಇಲ್ಲ, ಮೊಟ್ಟೆ ಇಲ್ಲ, ಕೋಳಿ ಇಲ್ಲ, ಕುಂಬಳದ ತಿರುಳು ಇಲ್ಲ. ಉಳಿದದ್ದು ಕುಂಬಳದ ಸಿಪ್ಪೆ ಮತ್ತು ಹಿಂಡಿದ ಕ್ಯಾರೆಟ್ಟಿನ ನಾರು. ಅದನ್ನು ಬೇಯಿಸಿ, ಒತ್ತಿ, ಬಿಸಿಲಿಗಿಟ್ಟು, ಮತ್ತೆ ಒಲೆಯಲ್ಲಿ ಒಣಗಿಸಿದ. ನೆಲಕ್ಕೆ ಬಿದ್ದರೆ ಗಂಟೆಯ ಹಾಗೆ ಸದ್ದು ಮಾಡುತ್ತಿತ್ತು. ಹೆಂಡತಿ ಒಂದನ್ನು ತೆಗೆದು ಅಲುಗಾಡುವ ಮಂಚದ ಕಾಲಿಗೆ ಒತ್ತುಕೊಟ್ಟಳು. ಮಂಚ ಆ ಮೇಲೆ ಅಲುಗಾಡಲಿಲ್ಲ.

ಈ ದಿನಗಳಲ್ಲೆಲ್ಲ ಸಂಜೆಯಾದರೆ ಟೇಪಣ್ಣ ಅಜ್ಜಿಯ ಹಿತ್ತಿಲಿಗೆ ಬಂದು, ಅದೇ ಕಲ್ಲಿನ ಮೇಲೆ ಕೂತು, ಮೊಣಕಾಲು ನೀವಿಕೊಳ್ಳುತ್ತ ಕಷ್ಟ ಹೇಳಿಕೊಳ್ಳುತ್ತಿದ್ದ. ಮರಿ ಬಂದು ಅವನ ಬೂಟಿಗೆ ಗದ್ದವಿಟ್ಟು ಮಲಗುತ್ತಿತ್ತು. ಅಲ್ಲಿ ಮಾತ್ರ ಹಿಂದಿನ ಓಣಿ ಅಗಲವಾಗಿತ್ತು, ಗಾಳಿ ಚೆನ್ನಾಗಿ ಬೀಸುತ್ತಿತ್ತು. ಗಾಳಿ ಯಾಕೆ ಅಲ್ಲಿ ಮಾತ್ರ ಬೀಸುತ್ತದೆಂದು ಅವನು ಯೋಚಿಸಲಿಲ್ಲ.

"ಮೊದಲನೇ ಕಲ್ಲು ಒಂದು ಸಿಕ್ಕಿಬಿಟ್ರೆ ಸಾಕು ಅಮ್ಮ, ಉಳಿದದ್ದು ತಾನಾಗಿ ಆಗುತ್ತೆ," ಎನ್ನುತ್ತಿದ್ದ ತನ್ನಷ್ಟಕ್ಕೆ. ಅಜ್ಜಿಗೆ ಒಂದು ಕಿವಿ ಮಂದ. ಅವಳು ಬಿಸ್ಕತ್ತನ್ನು ತಿರುಗಿಸಿ ನೋಡಿ, "ಇದನ್ನ ನಾಯಿಗೆ ಕೊಡ್ತೀಯೋ, ಗೋಡೆ ಕಟ್ತೀಯೋ?" ಎಂದು ಮಾತ್ರ ಕೇಳಿದಳು.

ಸಂಘದ ಮುಂದೆ ಹೊಸ ಬಿಸ್ಕತ್ತು ಬಂದಾಗ ಸದಸ್ಯರು ಮುಖ ಮುಖ ನೋಡಿಕೊಂಡರು. ಅದರಲ್ಲಿ ತೆಗೆದುಹಾಕಲು ಏನೂ ಉಳಿದಿರಲಿಲ್ಲ. ವಕೀಲರು ಚಿಮ್ಮಟವನ್ನು ಜೇಬಿಗೆ ಹಾಕಿಕೊಂಡರು. ಹಲ್ಲಿನ ಡಾಕ್ಟರು ಕಚ್ಚಿ ನೋಡಲು ಹೋಗಿ, ವೃತ್ತಿಯ ಅನುಭವದಿಂದ ಹಿಂದೆ ಸರಿದರು. ಆಗ ಅಧ್ಯಕ್ಷರು ಎದ್ದು ನಿಂತರು. ಅಧ್ಯಕ್ಷರಾದವರು ಸುಮ್ಮನೆ ಆಗಿರುವುದಿಲ್ಲ.

"ಇಂಥ ಆರೋಗ್ಯಕರ ತಿನಿಸು ನಮ್ಮ ಸಾಲಿನಲ್ಲಿ, ನಮ್ಮ ಮಾರ್ಗದರ್ಶನದಲ್ಲಿ ತಯಾರಾಗಿದೆ. ಇದನ್ನ ಹಾಗೆ ಬಿಡೋದು ತಪ್ಪು. ಒಂದು ಸಮಾರಂಭ ಮಾಡೋಣ. ಶ್ವಾನ ಆರೋಗ್ಯ ದಿನ. ನಗರಸಭೆ ಆಯುಕ್ತರನ್ನೇ ಕರೆಯೋಣ. ಮೂಕಪ್ರಾಣಿಗಳ ಮೇಲೆ ಇಷ್ಟು ಪ್ರೀತಿ ಇರೋರ ಹಿತ್ತಿಲಿಗೆ ಆಮೇಲೆ ಟೇಪು ಕಳಿಸ್ತಾರಾ?" ಕೊನೆಯ ವಾಕ್ಯವನ್ನು ಟೇಪಣ್ಣ ಹೊರಗೆ ಹೋದ ಮೇಲೆ ಹೇಳಿದರು.

ಟೇಪಣ್ಣನಿಗೆ ಒಂದು ಬುಟ್ಟಿ ಬಿಸ್ಕತ್ತು ತರಲು ಅಪ್ಪಣೆಯಾಯಿತು. ಮೇಲಧಿಕಾರಿ ಅದೇ ದಿನವನ್ನು ಕೊನೆಯ ಗಡುವು ಮಾಡಿದರು. "ಸಮಾರಂಭ ಮುಗಿದ ಮೇಲೆ, ಅವತ್ತೇ ಕತ್ತಲಾಗೋದರೊಳಗೆ ಅಳೆದುಬಿಡು. ಇಲ್ಲದಿದ್ರೆ ಮರುದಿನ ಕುರ್ಚಿ ಬೇರೆಯವರಿಗೆ." ಸಮಾರಂಭವನ್ನು ಕತ್ತಲಾಗುವವರೆಗೂ ಎಳೆಯಬೇಕೆಂದು ಮಾವನಿಗೆ ಹೇಳಿಯಾಗಿತ್ತು. ಭಾಷಣಗಾರರ ಕೊರತೆಯೇನೂ ಇರಲಿಲ್ಲ.

ಆ ಬಿಸ್ಕತ್ತನ್ನು ಯಾವ ನಾಯಿಯಾದರೂ ತಿನ್ನುತ್ತದೆಯೇ ಎಂದು ಕೇಳುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ. ಆರೋಗ್ಯದ ವಿಷಯದಲ್ಲಿ ತಿನ್ನುವವನ ಅಭಿಪ್ರಾಯ ಕೇಳುವ ಪದ್ಧತಿ ಎಲ್ಲಿದೆ.

ಸಮಾರಂಭ ಅಧ್ಯಕ್ಷರ ಹಿತ್ತಿಲಲ್ಲಿ. ಜಾಗ ಧಾರಾಳವಾಗಿತ್ತು, ಮೂರು ಸಾಲು ಕುರ್ಚಿ ಹಾಕಿದರೂ ಮಿಕ್ಕಿತ್ತು. ಆಯುಕ್ತೆ ಬಂದರು. ಮಿತವಾಗಿ ಮಾತಾಡುವ, ಹೆಚ್ಚು ನೋಡುವ ಹೆಂಗಸು. ಅಧ್ಯಕ್ಷರು ನಾಯಿ ಮತ್ತು ನೀತಿಯ ಸಂಬಂಧವನ್ನು ಪ್ರಾಚೀನ ಕಾಲದಿಂದ ಹಿಡಿದು ವಿವರಿಸಿದರು. ನಾಯಿಗಳೆಲ್ಲ ಕೊರಳಿಗೆ ರಿಬ್ಬನ್ನು ಕಟ್ಟಿಸಿಕೊಂಡು ಕೂತು ಆಕಳಿಸಿದವು. ಟೇಪಣ್ಣ ಬುಟ್ಟಿ ಹಿಡಿದು ಮೂಲೆಯಲ್ಲಿ ನಿಂತು ಸೂರ್ಯನನ್ನೂ ಗೋಡೆಯನ್ನೂ ನೋಡುತ್ತಿದ್ದ. ಕಲ್ಲು ಎಲ್ಲಿಯೂ ಕಾಣಲಿಲ್ಲ. ಗುಲಾಬಿಗಳು ಮಾತ್ರ ಕಂಡವು.

ಅಧ್ಯಕ್ಷರು ನೀರು ಕುಡಿಯಲು ನಿಲ್ಲಿಸಿದ ಕ್ಷಣದಲ್ಲಿ ಆಯುಕ್ತೆ ಎದ್ದರು. "ತಿನಿಸು ಕೊಟ್ಟುಬಿಡೋಣ. ನಾಯಿಗಳು ಕಾಯ್ತಿವೆ." ಬುಟ್ಟಿಯಿಂದ ಒಂದನ್ನೆತ್ತಿ ಮೇಜಿಗೆ ತಟ್ಟಿದರು. ಟಣ್ ಎಂದಿತು. "ಇದನ್ನ ತಿನ್ನುತ್ತಾ?"

"ಪ್ರಾಣ ಬಿಡ್ತಾನೆ ಮೇಡಂ," ಎಂದರು ಅಧ್ಯಕ್ಷರು.

ಜನರಲ್ ಬಿಸ್ಕತ್ತನ್ನು ಬಾಯಲ್ಲಿ ತೆಗೆದುಕೊಂಡಿತು. ಒಮ್ಮೆ ಕಚ್ಚಿತು. ಅದರ ಮುಖದಲ್ಲಿ, ಅಡುಗೆ ಬಾರದವರ ಮನೆಗೆ ಊಟಕ್ಕೆ ಬಂದ ಅತಿಥಿಯ ಮುಖಭಾವ ಮೂಡಿತು. ಎದುರಿಗೇ ಉಗುಳಲು ಮನಸ್ಸಾಗಲಿಲ್ಲ, ಕೊಟ್ಟವರಿಗೆ ಬೇಜಾರಾದೀತು. ಸುತ್ತ ನೋಡಿತು. ಗಟ್ಟಿಯಾದದ್ದನ್ನು ಒದ್ದೆ ಮಣ್ಣಿನಲ್ಲಿ ಹೂತಿಟ್ಟು, ಮೆತ್ತಗಾದ ಮೇಲೆ ತಿನ್ನುವುದು ಅದರ ಅಜ್ಜ ಮುತ್ತಜ್ಜಂದಿರಿಂದ ಬಂದ ವಿದ್ಯೆ. ಹಿತ್ತಿಲಲ್ಲಿ ಒದ್ದೆಯಾಗಿ, ಒಮ್ಮೆ ಅಗೆದು ಸಡಿಲವಾಗಿದ್ದ ಜಾಗ ಒಂದೇ. ಅದು ದಿನವೂ ನ್ಯಾಯವಾಗಿ ನೀರು ಹಾಕಿಸಿಕೊಳ್ಳುತ್ತಿದ್ದ ಗುಲಾಬಿ ಪಾತಿ.

"ಬೇಡ ಮಗನೇ. ಜನರಲ್. ಬೇಡ," ಎಂದರು ಅಧ್ಯಕ್ಷರು ಬಹಳ ಮೃದುವಾಗಿ.

ಜನರಲ್ ಅಗೆಯತೊಡಗಿತು. ಅಷ್ಟರಲ್ಲಿ ಜಡ್ಜಿಗೂ ಮುತ್ತುವಿಗೂ ಬಿಸ್ಕತ್ತು ಸಿಕ್ಕಿತ್ತು. ಅವೂ ಅದೇ ತೀರ್ಮಾನಕ್ಕೆ ಬಂದವು. ಸಾಲಿನ ಆರು ನಾಯಿಗಳು ಒಂದೇ ಪಾತಿಯಲ್ಲಿ, ರಿಬ್ಬನ್ನು ಸಮೇತ, ಮುಂಗಾಲಿನಿಂದ ಅಗೆದು ಹಿಂಗಾಲಿನಿಂದ ಎಸೆದವು. ಗುಲಾಬಿ ಗಿಡವೊಂದು ಹಾರಿ ವಕೀಲರ ಮಡಿಲಿಗೆ ಬಿತ್ತು. ಮೇಲಧಿಕಾರಿಯ ಬಿಳಿ ಅಂಗಿಯ ಮೇಲೆ ಮಣ್ಣು ಬಿತ್ತು. ಬಾವಮೈದ ನಾಯಿಗಳನ್ನು ಎಳೆಯಲು ಹೋಗಿ ತಾನೇ ಪಾತಿಯಲ್ಲಿ ಕೂತ. ಕೂತವನು ಥಟ್ಟನೆ ಎದ್ದ. ಅವನ ಅಡಿಯಲ್ಲಿ ಏನೋ ಗಟ್ಟಿಯಾಗಿ ಒತ್ತಿತ್ತು.

ಟೇಪಣ್ಣ ಬಗ್ಗಿ, ಅಂಗೈಯಿಂದ ಮಣ್ಣು ಸವರಿದ. ಮಲಗಿದ್ದ ಕಲ್ಲಿನ ಮೇಲೆ ಒಂದು ಎಂಬ ಅಂಕಿ ಇತ್ತು.

"ಸಿಕ್ತು ಸಾರ್," ಎಂದ ಮೇಲಧಿಕಾರಿಯತ್ತ ತಿರುಗಿ. "ಒಂದನೇ ಕಲ್ಲು. ಯಾರೋ ಪಾಪ ಕಾಲು ತಾಗಿಸಿ ಬೀಳಿಸಿದ್ದಾರೆ. ಮೇಲೆ ಮಣ್ಣೂ ಬಿದ್ದಿದೆ."

"ಆ ಕಲ್ಲನ್ನ ನಾಯಿಗಳೇ ಎಲ್ಲಿಂದಲೋ ಕಚ್ಚಿಕೊಂಡು ಬಂದಿರಬಹುದು," ಎಂದರು ವಕೀಲರು. ಮಡಿಲಿನ ಗುಲಾಬಿಯನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ.

ಆಯುಕ್ತೆ ಕಲ್ಲನ್ನು ನೋಡಿದರು, ಗೋಡೆಯನ್ನು ನೋಡಿದರು. ನಡುವಿನ ಜಾಗವನ್ನು ನಿಧಾನವಾಗಿ ನೋಡಿದರು. "ನಿಮ್ಮೆಲ್ಲರ ಹಿತ್ತಿಲಲ್ಲೂ ಗುಲಾಬಿ ಇದೆಯಾ?"

ಈ ಪ್ರಶ್ನೆಗೆ ಸಂಘದ ಸದಸ್ಯರು ತಮ್ಮ ತಮ್ಮ ಬೂಟು ನೋಡಿಕೊಂಡರು. ಉತ್ತರ ಕೊಟ್ಟದ್ದು ಟೇಪಣ್ಣ. "ಇದೆ ಮೇಡಂ, ಎಲ್ಲರ ಮನೇಲೂ ಇದೆ. ಹೂವು ಅಂದ್ರೆ ಪ್ರಾಣ ಇವರಿಗೆ." ಆ ಮೇಲೆ ಅಧ್ಯಕ್ಷರ ಎರಡೂ ಕೈ ಹಿಡಿದುಕೊಂಡ. "ನಿಮ್ಮ ಉಪಕಾರ ನಾನು ಮರೆಯೋದಿಲ್ಲ ಸಾರ್. ನೀವು ಅದು ಬೇಡ, ಇದು ಬೇಡ ಅಂತ ಅಷ್ಟು ತಿದ್ದದೇ ಇದ್ದಿದ್ರೆ ನಾಯಿ ಬಿಸ್ಕತ್ತನ್ನ ತಿಂದುಬಿಡ್ತಿತ್ತು. ಕಲ್ಲು ಸಿಗ್ತಾನೇ ಇರಲಿಲ್ಲ."

"ಈಗಲೇ ಅಳೆದು ಮುಗಿಸಿ," ಎಂದರು ಆಯುಕ್ತೆ. "ಕೊನೆ ಕಲ್ಲಿನವರೆಗೂ."

"ಮುಗಿಸಿದ್ರೆ ಕಿಟಕಿ ಪಕ್ಕದ ಕುರ್ಚಿ ನನಗೆ ಅಂತ ಸಾಹೇಬರು ಮಾತು ಕೊಟ್ಟಿದ್ದಾರೆ ಮೇಡಂ."

"ಹೌದಾ?" ಆಯುಕ್ತೆ ಮೇಲಧಿಕಾರಿಯತ್ತ ನೋಡಿದರು.

"ಹೌದು ಮೇಡಂ," ಎಂದರು ಮೇಲಧಿಕಾರಿ ಅಂಗಿಯ ಮಣ್ಣು ಕೊಡವುತ್ತ. "ನಾನೇ. ಪ್ರೋತ್ಸಾಹಕ್ಕೆ ಅಂತ."

ಟೇಪಿನ ಇನ್ನೊಂದು ತುದಿಯನ್ನು ಬಾವಮೈದ ಹಿಡಿದ. ಈ ಸಲ ತಿಂಡಿಗೆ ಯಾರೂ ಒಳಗೆ ಕರೆಯಲಿಲ್ಲ. ಮನೆಯಿಂದ ಮನೆಗೆ ಗುಲಾಬಿಗಳು ಕಿತ್ತುಬಂದವು. ಎರಡು, ಮೂರು, ನಾಲ್ಕು ಎಂದು ಕಲ್ಲುಗಳು ಒಂದೊಂದಾಗಿ ಕಣ್ಣುಬಿಟ್ಟವು. ಆರನೆಯದನ್ನು ಬರೆದುಕೊಂಡಾಗ ಬಿಸಿಲು ಕೆಂಪಾಗಿತ್ತು. ಉಳಿದದ್ದು ಏಳನೆಯದು.

ಟೇಪಣ್ಣ ಅಜ್ಜಿಯ ಹಿತ್ತಿಲಿಗೆ ಬಂದು ಅಭ್ಯಾಸದಿಂದ ಸುತ್ತಲೂ ಗುಲಾಬಿ ಪಾತಿ ಹುಡುಕಿದ. ಅಲ್ಲಿ ಒಂದು ಬದನೆ ಗಿಡವೂ ಇರಲಿಲ್ಲ. ಗೋಡೆಯ ಬುಡ ನೋಡಿದ, ಬಾವಿಕಟ್ಟೆಯ ಹಿಂದೆ ನೋಡಿದ. ಆರು ಕಲ್ಲು ಸಿಕ್ಕಿ ಏಳನೆಯದು ಸಿಗದಿದ್ದರೆ ಆರೂ ಸಿಗದ ಹಾಗೆಯೇ. ಇಲಾಖೆಯ ಕ್ರಮ ಹಾಗಿದೆ. ಗೇಟಿನ ಬಳಿ ಮೇಲಧಿಕಾರಿ ಆಕಾಶ ನೋಡುತ್ತ ನಿಂತಿದ್ದರು. ಅವರಿಗೆ ಸೂರ್ಯಾಸ್ತದ ಸೌಂದರ್ಯದಲ್ಲಿ ಅಷ್ಟು ಆಸಕ್ತಿ ಹಿಂದೆಂದೂ ಹುಟ್ಟಿರಲಿಲ್ಲ.

ಟೇಪಣ್ಣ ಹುಡುಕುವುದನ್ನು ಬಿಟ್ಟ. ತನ್ನ ಕಲ್ಲಿನ ಮೇಲೆ ಕೂತು ತಲೆಗೆ ಕೈ ಹಚ್ಚಿದ. ಮರಿ ಬಂದು ಬೂಟಿನ ಮೇಲೆ ಗದ್ದವಿಟ್ಟಿತು.

"ಏನು ಕಳಕೊಂಡೆಯಪ್ಪ?" ಅಜ್ಜಿ ಡಬ್ಬಿ ಹಿಡಿದು ಬಂದಳು.

"ಏಳನೇ ಗಡಿಕಲ್ಲು ಅಮ್ಮ." ಅವನು ಈ ಸಲ ಅವಳ ಒಳ್ಳೆಯ ಕಿವಿಗೆ ಹೇಳಿದ್ದ. "ಎಲ್ಲೂ ಇಲ್ಲ. ನನ್ನ ಹಣೆಬರಹ."

ಅಜ್ಜಿ ಡಬ್ಬಿಯ ಮುಚ್ಚಳ ಹಾಕಿದಳು.

"ಏಳು," ಎಂದಳು.

"ಹೌದು ಅಮ್ಮ, ಏಳನೆಯದೇ."

"ಎದ್ದು ನಿಲ್ಲೋ ಮಹರಾಯ."

ಟೇಪಣ್ಣ ಎದ್ದು, ತಿರುಗಿ, ಬಗ್ಗಿ ನೋಡಿದ. ಓಣಿಯ ಕಡೆಯ ಮುಖದಲ್ಲಿ, ಅವನು ಒಂದು ದಿನವೂ ನೋಡದ ಕಡೆ, ಏಳು ಎಂಬ ಅಂಕಿ ಆಳವಾಗಿ ಕೆತ್ತಿಸಿಕೊಂಡು ನಿಂತಿತ್ತು. ಮಳೆ ಬಿಸಿಲಿಗೆ ಅದರ ಅಂಚೂ ಸವೆದಿರಲಿಲ್ಲ. ಸವೆದದ್ದು ಮೇಲ್ಭಾಗ ಮಾತ್ರ. ಅಜ್ಜಿಯ ಗಂಡ ಕೂತು, ಆ ಮೇಲೆ ಟೇಪಣ್ಣ ಕೂತು.

"ನಮ್ಮ ಮನೆಯವರು ಆ ಕಲ್ಲಿನಿಂದ ಆಚೆ ಒಂದು ಹೂವಿನ ಕುಂಡ ಇಡೋಕೂ ಬಿಟ್ಟವರಲ್ಲ," ಎಂದಳು ಅಜ್ಜಿ. "ದೇವರು ಕೊಟ್ಟದ್ದು ಇಲ್ಲಿವರೆಗೆ ಅಂತಿದ್ದರು. ಉಳಿದ ಆರನ್ನ ಇವರು ಹೂಳೋವಾಗ ನಾನು ಕಿಟಕಿಯಲ್ಲೇ ಕೂತಿದ್ದೆ. ಕೇಳಿದ್ರೆ ಯಾವುದು ಎಲ್ಲಿದೆ ಅಂತ ಬೆರಳು ಮಾಡಿ ತೋರಿಸ್ತಿದ್ದೆ."

ಈ ಕಲ್ಲೊಂದನ್ನು ಹಿಡಿದು ನಾಯಿಗಳಿಲ್ಲದ ಓಣಿಯಲ್ಲೇ ಹಿಂದಕ್ಕೆ ಅಳೆದಿದ್ದರೆ ಮೊದಲ ದಿನವೇ, ಹರಿದ ಪ್ಯಾಂಟಿನಲ್ಲೇ, ಕೆಲಸ ಮುಗಿಯುತ್ತಿತ್ತು. "ಮೊದಲೇ ಹೇಳಬಾರದಿತ್ತಾ ಅಮ್ಮ?"

"ನೀನು ದಿನಾ ಬಂದು ನನ್ನನ್ನ ಕೇಳಿದ್ದು ಬಿಸ್ಕತ್ತಿನ ವಿಷಯ. ಕಲ್ಲಿನ ವಿಷಯ ಯಾವತ್ತು ಕೇಳಿದೆ?"

"ಒಂದರಿಂದ ಶುರು ಮಾಡಬೇಕು ಅಂತ ಕ್ರಮ ಇದೆ."

"ಇರಲಿ ಬಿಡು. ಕ್ರಮ ತಪ್ಪಬಾರದು."

ಟೇಪಣ್ಣ ಟೇಪಿನ ತುದಿಯನ್ನು ಏಳನೇ ಕಲ್ಲಿಗೆ ಒತ್ತಿ ಹಿಡಿದ. ಅಳತೆ ಮುಗಿಯಿತು. ಸೂರ್ಯನ ಒಂದು ಚೂರು ಇನ್ನೂ ಗೋಡೆಯ ಮೇಲಿತ್ತು. ಗೇಟಿನ ಬಳಿ ಮೇಲಧಿಕಾರಿಗೆ ಸೂರ್ಯಾಸ್ತದ ಆಸಕ್ತಿ ಇದ್ದಕ್ಕಿದ್ದಂತೆ ಹೋಯಿತು. ಬಾವಮೈದನಿಗೆ ನಾಳೆಯಿಂದ ಟೇಪಿನ ಎರಡೂ ತುದಿಯನ್ನು ಒಬ್ಬನೇ ಹಿಡಿಯುವುದು ಹೇಗೆಂದು ಯೋಚನೆ ಹತ್ತಿತು. ದಿಂಬಿಗೆ ಹೇಗೂ ಹೊಸ ಹತ್ತಿ ತುಂಬಿಸಿಯಾಗಿತ್ತು; ಅದೊಂದು ಉಪಕಾರವಾಯಿತು.

ಕುರ್ಚಿ ಸಿಕ್ಕ ಮನುಷ್ಯ ಕಲ್ಲಿನ ಮೇಲೆಯೇ ಮತ್ತೆ ಕೂತ. ಅಜ್ಜಿ ಡಬ್ಬಿಯಿಂದ ಒಂದು ಮೆತ್ತಗಿನ ಬಿಸ್ಕತ್ತು ತೆಗೆದು ಎರಡು ಭಾಗ ಮಾಡಿದಳು. ಒಂದನ್ನು ಮರಿಯ ಬಾಯಿಗಿಟ್ಟಳು. ಇನ್ನೊಂದನ್ನು ಟೇಪಣ್ಣನ ಅಂಗೈಯಲ್ಲಿಟ್ಟಳು.

"ತಿನ್ನು. ಉಪ್ಪಿಲ್ಲ, ಸಕ್ಕರೆ ಇಲ್ಲ. ಬುದ್ಧಿಗೆ ಒಳ್ಳೇದು."